ಹಸಿರು ಸಮಿತಿಗೆ ಸಿಕ್ಕಿಹಾಕಿಕೊಂಡ ನೌಕರಿ

ಒಳ್ಳೆ ಕೆಲಸಕ್ಕೆ ಕೈ ಹಾಕಿದಾಗಲೆಲ್ಲ ನನಗೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಸುಮ್ಮನೆ ಪಾಠ ಮಾಡಿಕೊಂಡಿದ್ದಾಗ ಯಾವ ತೊಂದರೆಯೂ ಇರಲಿಲ್ಲ.

ಪೀಣ್ಯದ ಆಚೆ, ಚಿಕ್ಕಬಾಣಾವರಕ್ಕೆ ಹೋಗುವ ರಸ್ತೆಯ ಒಂದು ಪುಟ್ಟ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ನಾಲ್ಕು ವರ್ಷದಿಂದ ಟೆಂಪರರಿ. ಒಂದು ದಿನ ಪ್ರಿನ್ಸಿಪಾಲರು ಕರೆದು, ಕಾಲೇಜಿನ ಪರಿಸರ ಕೆಲಸ ನೋಡಲು ಪರಿಶೀಲನಾ ತಂಡ ಬರುತ್ತದೆ, ಹಸಿರು ಸಮಿತಿಗೆ ನೀವೇ ಸಂಚಾಲಕರು ಎಂದರು. ಒಳ್ಳೆ ವರದಿ ಬಂದರೆ ಪರ್ಮನೆಂಟ್ ಆರ್ಡರ್, ಬರದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂದೂ ಸೇರಿಸಿದರು. ಮನೆಯಲ್ಲಿ ಹೆಂಡತಿ ಏಳು ತಿಂಗಳ ಬಸುರಿ. ನನಗೆ ನಿಜವಾಗಿ ಹೆದರಿಕೆಯಾಯಿತು.

೧. ಹಸಿ ಕಸ, ಒಣ ಕಸ

ಮೊದಲು ಕಸ ಬೇರ್ಪಡಿಸೋಣ ಎಂದು ಹಸಿರು ಡಬ್ಬ ನಾಲ್ಕು, ನೀಲಿ ಡಬ್ಬ ನಾಲ್ಕು ತರಿಸಿ ಇಡಿಸಿದೆ. ವಾರ ಬಿಟ್ಟು ನೋಡಿದರೆ ಎಂಟೂ ಫಳಫಳ, ಒಳಗೆ ಒಂದು ಬಾಳೆಹಣ್ಣಿನ ಸಿಪ್ಪೆಯೂ ಇಲ್ಲ. ಮೆಟ್ಟಿಲ ಕೆಳಗೆ ಮಾತ್ರ ಕಸದ ಗುಡ್ಡೆ.

ಗುಡಿಸುವ ಅಕ್ಕನನ್ನು ಕೇಳಿದೆ. ರಾಯಚೂರು ಕಡೆಯ ಹೆಂಗಸು, ಕೆಲಸದಲ್ಲಿ ಬಲು ಶಿಸ್ತು. ದಿನಾ ಬೆಳಿಗ್ಗೆ ಡಬ್ಬಗಳನ್ನು ತೊಳೆದು, ಒರೆಸಿ, ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರನ್ನೇ ಮತ್ತೆ ತೊಡಿಸುತ್ತಿದ್ದಳಂತೆ. ಕಸ ಹಾಕಲು ಬಂದ ಹುಡುಗರನ್ನು ಪೊರಕೆ ತೋರಿಸಿ ಓಡಿಸುತ್ತಿದ್ದಳಂತೆ.

"ಹೊಸಾವು ಅದಾವ್ರಿ ಸರ. ಇದ್ರಾಗ ಕಸಾ ಹಾಕಿದ್ರ ಹೊಲಸ ಆಗಂಗಿಲ್ಲೇನ್ರಿ?" ಎಂದಳು.

ಪ್ರಿನ್ಸಿಪಾಲರ ಹತ್ತಿರ ದೂರು ಒಯ್ದೆ. ಅವಳು ಹೇಳುವುದೂ ಸರಿಯೇ, ತಂಡ ಬಂದು ಹೋಗುವವರೆಗೆ ಹೊಸದಾಗಿಯೇ ಇರಲಿ ಎಂದುಬಿಟ್ಟರು. ಹೇಳಿ ಪ್ರಯೋಜನವಿರಲಿಲ್ಲ. ಅವರ ಕಾರಿನ ಸೀಟಿನ ಪ್ಲಾಸ್ಟಿಕ್ಕನ್ನೇ ಮೂರು ವರ್ಷದಿಂದ ಬಿಚ್ಚಿರಲಿಲ್ಲ.

೨. ಸೈಕಲ್ ಶನಿವಾರ

ಮುಂದಿನದು ಹೊಗೆ. ಶನಿವಾರ ಯಾರೂ ಗಾಡಿ ತರಬಾರದು, ಎಲ್ಲರೂ ಸೈಕಲ್ಲಿನಲ್ಲಿ ಬರಬೇಕು ಎಂದು ಸುತ್ತೋಲೆ ಹೊರಡಿಸಿದೆ. ಲೆಕ್ಕ ಇಡುವ ಕೆಲಸ ಗೇಟಿನ ಸೆಕ್ಯೂರಿಟಿಯವರಿಗೆ. ಅವರು ಸರ್ಕಾರಿ ಕಾರ್ಖಾನೆಯೊಂದರ ಗೇಟಿನಲ್ಲಿ ಮೂವತ್ತು ವರ್ಷ ನಿಂತು ರಿಟೈರಾದವರು. ಒಳಗೆ ಇರುವೆ ಬಂದರೂ ರಿಜಿಸ್ಟರಿನಲ್ಲಿ ಬರೆಯುವ ಜಾತಿ.

ಶನಿವಾರ ಸಂಜೆ ಅವರು ಬೆವರು ಒರೆಸಿಕೊಳ್ಳುತ್ತಾ ಪ್ರಿನ್ಸಿಪಾಲರ ಕೋಣೆಗೆ ಬಂದರು. ನಾನೂ ಅಲ್ಲೇ ಇದ್ದೆ. ಬೆಳಿಗ್ಗೆ ಹನ್ನೊಂದು ಸೈಕಲ್ ಒಳಗೆ ಬಂದಿದೆ, ಹೊರಗೆ ಒಂದೂ ಹೋಗಿಲ್ಲ, ಸ್ಟ್ಯಾಂಡಿನಲ್ಲಿ ಇರುವುದು ಒಂದೇ, ಹತ್ತು ಸೈಕಲ್ ಕಳುವಾಗಿದೆ, ಪೊಲೀಸರಿಗೆ ಹೇಳೋಣ ಎಂದರು.

ಆಗಿದ್ದು ಇಷ್ಟು. ಮೇಷ್ಟ್ರುಗಳೆಲ್ಲ ಬೈಕನ್ನು ತಿರುವಿನ ದಿನಸಿ ಅಂಗಡಿ ಹತ್ತಿರ ನಿಲ್ಲಿಸಿ, ಅಂಗಡಿಯವನ ಒಂದೇ ಸೈಕಲ್ ಹತ್ತಿ ಗೇಟು ದಾಟಿದ್ದರು. ಆಮೇಲೆ ಹಿಂದಿನ ಮುರಿದ ಕಾಂಪೌಂಡಿನ ಮೇಲಿಂದ ಅದನ್ನು ಮುಂದಿನವರಿಗೆ ದಾಟಿಸಿದ್ದರು. ನಾನು ಏಳನೆಯವನು.

ಪೊಲೀಸ್ ಎಂದ ಕೂಡಲೇ ಪ್ರಿನ್ಸಿಪಾಲರು ಬೇಡವೇ ಬೇಡ ಎಂದು ಎದ್ದುನಿಂತರು. ಹನ್ನೊಂದನೆಯವರು ಅವರೇ.

೩. ಮಳೆನೀರು

ತಂಡ ಏಪ್ರಿಲ್ ಕೊನೆಗೆ ಬರುವುದು ಖಚಿತವಾಯಿತು. ನಮ್ಮ ದೊಡ್ಡ ಹೆಗ್ಗಳಿಕೆ ಮಳೆನೀರಿನ ತೊಟ್ಟಿ. ಚಾವಣಿಯಿಂದ ಪೈಪು ಇಳಿಸಿ, ಬೋರ್ಡು ಬರೆಸಿ, ಸುತ್ತ ಬಣ್ಣವನ್ನೂ ಬಳಿಸಿದ್ದೆ. ಮಳೆ ಬಿದ್ದು ಐದು ತಿಂಗಳಾಗಿತ್ತು. ಮುಚ್ಚಳ ತೆಗೆದರೆ ಒಳಗೆ ಎರಡು ಟೆನಿಸ್ ಬಾಲು, ಒಂಟಿ ಚಪ್ಪಲಿ.

ಬಂದವರಿಗೆ ನೀರು ಕಾಣಲೇಬೇಕು ಎಂದರು ಪ್ರಿನ್ಸಿಪಾಲರು. ನಾಚಿಕೆ ಬಿಟ್ಟು ಟ್ಯಾಂಕರಿನವನಿಗೆ ಫೋನ್ ಮಾಡಿದೆ. ತಂಡ ಹತ್ತಕ್ಕೆ ಬರುತ್ತದೆ, ನೀನು ಏಳಕ್ಕೇ ಬಂದು ತುಂಬಿಸಿ ಹೋಗು ಎಂದು ಎರಡೆರಡು ಸಲ ಹೇಳಿದೆ.

ಏಳಾಯಿತು, ಎಂಟಾಯಿತು, ಟ್ಯಾಂಕರ್ ಇಲ್ಲ. ತಂಡ ಮಾತ್ರ ಹತ್ತಕ್ಕೆ ಸರಿಯಾಗಿ ಬಂತು. ಮೂರು ಜನ, ಅವರಿಗೆ ಮುಖ್ಯಸ್ಥರು ಮಾದನಾಯಕನಹಳ್ಳಿ ಕಡೆಯ ದೊಡ್ಡ ಕಾಲೇಜೊಂದರ ಪ್ರಿನ್ಸಿಪಾಲರು. ನಗುವ ಮುಖವಲ್ಲ. ತೊಟ್ಟಿಯ ಬೋರ್ಡನ್ನು ಪೂರ್ತಿ ಓದಿ, ಮುಚ್ಚಳ ತೆಗೆಸಿ ಎಂದರು. ಅಷ್ಟರಲ್ಲಿ ಗೇಟಿನಿಂದ ಹಾರ್ನ್ ಹೊಡೆಯುತ್ತಾ ಟ್ಯಾಂಕರ್ ಬಂದೇಬಿಟ್ಟಿತು. ಡ್ರೈವರ್ ಪೈಪು ಹೆಗಲಿಗೇರಿಸಿಕೊಂಡು ಇಳಿದ.

"ಸಾರ್, ಲೇಟಾಗೋಯ್ತು. ಮಳೆನೀರು ಹಾಕೋ ಟ್ಯಾಂಕು ಇದೇನಾ?"

ಹೆಂಡತಿಗೆ ಏನು ಹೇಳುವುದು ಎಂದು ಅಲ್ಲೇ ಯೋಚಿಸತೊಡಗಿದೆ. ಮುಖ್ಯಸ್ಥರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. ಆಗ ಡ್ರೈವರ್ ಅವರ ಮುಖ ನೋಡಿದವನೇ ಪೈಪು ಕೆಳಗಿಟ್ಟು ಕೈಮುಗಿದ.

"ಓ, ನೀವೂ ಇಲ್ಲೇ ಇದೀರಾ ಸಾರ್? ನಿಮ್ ಕಾಲೇಜಿಗೂ ಸೋಮವಾರ ಟೀಮ್ ಬರುತ್ತಂತಲ್ಲ. ಮಳೆನೀರು ಭಾನುವಾರನೇ ಹಾಕ್ಬಿಡ್ಲಾ, ಇಲ್ಲ ಹೋದ ವರ್ಷದ ಥರ ಬೆಳಿಗ್ಗೆನೇ ಬರ್ಲಾ?"

ಮುಖ್ಯಸ್ಥರು ನಿಧಾನವಾಗಿ ಕನ್ನಡಕ ಹಾಕಿಕೊಂಡರು. ಒಂದು ಚೂರು ಮೋಡವಿಲ್ಲದ ಆಕಾಶವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಫೈಲು ತೆರೆದು, ಮಳೆನೀರು ಸಂಗ್ರಹ ಎಂಬುದರ ಮುಂದೆ 'ಅತ್ಯುತ್ತಮ' ಎಂದು ಬರೆದು, ನನ್ನ ಬೆನ್ನು ತಟ್ಟಿದರು.

"ಈ ಕಡೆ ಮಳೆ ಚೆನ್ನಾಗಿದೆ ಕಣ್ರೀ."