ಕವಿಯೆಂದರೆ ಅಗಲಿ ಬೇಯುವವನು

ಕವಿಯಾದವನು ಹೂವಿನ ಮೇಲೆ ಬರೆಯಲಿ, ಹಸುವಿನ ಮೇಲೆ ಬರೆಯಲಿ, ಬೇಕಾದರೆ ಹೆಂಡತಿ ಮಾಡಿದ ಬದನೆಕಾಯಿ ಪಲ್ಯದ ಮೇಲೆ ಬರೆಯಲಿ. ಕವಿ ಎಂದರೆ ಎಂಥವನು ಎಂದು ಮಾತ್ರ ಬರೆಯಬಾರದು. ಕೇಳಿದವರು ನಂಬಿಬಿಡುವ ಅಪಾಯವಿದೆ. ನಾನು ಬರೆದೆ, ಜನ ನಂಬಿದರು, ನನ್ನ ಪ್ರಾಣಕ್ಕೆ ಬಂತು.

ಆಗ ನಿಜಾಮರ ರಾಜ್ಯ. ನಾನು ಕಮಲಾಪುರದ ಸರಕಾರಿ ಕಚೇರಿಯಲ್ಲಿ ಕಾರಕೂನ. ಹಗಲೆಲ್ಲ ಉರ್ದುವಿನಲ್ಲಿ ನಕಲು ತೆಗೆಯುವುದು, ಸಂಜೆ ಕನ್ನಡದಲ್ಲಿ ನಿಟ್ಟುಸಿರು ಬಿಡುವುದು. ಹೆಂಡತಿ ನೀಲಮ್ಮ ಹೆರಿಗೆಗೆಂದು ಕಲಬುರಗಿಯಲ್ಲಿ, ರೋಜಾ ಓಣಿಯ ಹತ್ತಿರದ ತವರುಮನೆಯಲ್ಲಿದ್ದಳು. ಹಿಂದಿನ ಸಲ ನಾನು ಗಾಡಿ ಹೂಡಿಸಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು; ತೀರಿಹೋದ ಕೂಸಿನ ಮುಖವನ್ನೂ ನಾನು ಕಾಣಲಿಲ್ಲ. ಈ ಸಲ ಅವಳು ಕೇಳಿದ್ದು ಒಂದೇ: “ಬ್ಯಾನಿ ಸುರು ಆದಾಗ ನೀವು ಇದೇ ಊರಾಗ ಇರ್ಬೇಕ್ರಿ. ಮತ್ತೇನೂ ಬ್ಯಾಡ ನನಗ.”

ಅದಕ್ಕೆ ಕಲಬುರಗಿಗೆ ವರ್ಗವಾಗಬೇಕು. ವರ್ಗ ಕೊಡುವ ದೊಡ್ಡ ಸಾಹೇಬರು ಇದ್ದದ್ದೂ ಕಲಬುರಗಿಯಲ್ಲೇ; ಈ ಸೀಮೆಯವರೇ, ಕನ್ನಡ ಬಲ್ಲವರು, ಸ್ವತಃ ಉರ್ದು ಕವಿಗಳು. ನೇರ ಹೋಗಿ “ಹೆಂಡತಿಗೆ ದಿನ ತುಂಬ್ಯಾವ್ರಿ” ಎಂದರೆ ಆಗುತ್ತಿತ್ತು. ಆದರೆ ನಾನು ಕವಿಯಲ್ಲವೆ! ಹಾಗೆ ಬೋಳು ಮಾತಾಡಿದರೆ ಮರ್ಯಾದೆ ಉಳಿದೀತೆ? ಸಾಹೇಬರ ಕಾಗದಪತ್ರ ನೋಡುವ ಪೇಶಕಾರ ಮೌಲಾಸಾಬರೂ ಕಿವಿಯೂದಿದರು: “ಶುಕ್ರವಾರ ಸಂಜಿಕ ಸಾಹೇಬ್ರ ಮನ್ಯಾಗ ಮುಶಾಯರಾ ಅದ. ಒಂದು ಕವಿತಾ ಓದ್ರಿ. ವಾಹ್ ಅಂದ ಕೂಡ್ಲೇ ಬಾಯಿ ಬಿಟ್ಟು ಕೇಳ್ರಿ. ಶಾಯರ್ ಮಂದಿಗಿ ನಮ್ಮ ಸಾಹೇಬ್ರು ಇಲ್ಲ ಅನ್ನಂಗಿಲ್ಲ.”

ಶುಕ್ರವಾರ ಆ ಕವಿಗೋಷ್ಠಿಗೆ ಹೋಗಿ ಜಮಖಾನೆಯ ತುದಿಯಲ್ಲಿ ಕೂತೆ. ನನಗಿಂತ ಮೊದಲಿನವರ ಪದ್ಯಗಳು ಮುಗಿಯಲೊಲ್ಲವು. ಆ ಸಭೆಯ ರಿವಾಜು ಬೇರೆ: ಸಾಲು ಹಿಡಿಸಿದರೆ ಕೇಳುಗರು “ಮುಕರ್ರರ್!” ಎಂದು ಕೂಗಬೇಕು, ಕವಿ ಅದೇ ಸಾಲನ್ನು ಮತ್ತೆ ಹೇಳಬೇಕು. ನೀಲಮ್ಮನಿಗೆ ಈಗಲೇ ನೋವು ಶುರುವಾಗಿದ್ದರೆ ಎಂದು ಬಾಗಿಲ ಕಡೆಗೇ ನೋಡುತ್ತಿದ್ದೆ. ಕೊನೆಗೆ ನನ್ನ ಪಾಳಿ ಬಂತು.

“ಕವಿಯೆಂದರೆ ಯಾರು? ಅಗಲಿ ಬೇಯುವವನು, ಮನೆಯಿದ್ದೂ ದೂರದಲಿ ಮರುಗುವವನು.”

“ಮುಕರ್ರರ್!” ಎಂದರು ಸಾಹೇಬರು. ಮತ್ತೆ ಹೇಳಿದೆ. ಅವರ ಕಣ್ಣಲ್ಲಿ ನೀರು. ಗೆದ್ದೆನೆಂದುಕೊಂಡು ಕೈಮುಗಿದು, “ಹೆಂಡತಿ ಕಲಬುರಗ್ಯಾಗ ಇದ್ದಾಳ್ರಿ ಸಾಹೇಬ್ರ, ನನ್ನನ್ನೂ ಇಲ್ಲಿಗಿ ಹಾಕ್ಸ್ರಿ” ಎಂದೆ.

ಸಾಹೇಬರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಅರೆ ಭಾಯಿ, ನಿಮ್ಮನ್ನ ಆಕಿ ಬಾಜೂಕ ಕೂಡ್ಸಿದ್ರ ಈ ಅಗಲಿಕಿ ಎಲ್ಲಿ ಉಳೀತದ? ಅಗಲಿಕಿ ಹೋದ್ರ ಕವಿ ಹೋದ. ಒಬ್ಬ ಶಾಯರನ ಖೂನ್ ನನ್ನ ಕೈಲಿಂದ ಆಗಂಗಿಲ್ಲ!”

“ವಾಹ್ ವಾಹ್! ಮುಕರ್ರರ್!” ಎಂದಿತು ಇಡೀ ಸಭೆ. ಸಾಹೇಬರು ಆ ನಿರಾಕರಣೆಯನ್ನು ರಾಗವಾಗಿ ಇನ್ನೊಮ್ಮೆ ಹೇಳಿದರು. ನನ್ನ ಹಾಳು ಬಾಯಿ ಕೂಡ ಅಭ್ಯಾಸಬಲದಿಂದ ವಾಹ್ ಎಂದುಬಿಟ್ಟಿತು. ಅಷ್ಟೆಲ್ಲ ಹೊಗಳಿಕೆಯ ನಡುವೆ ಹೆರಿಗೆಯ ಮಾತೆತ್ತಲು ನಾಲಿಗೆ ಹೊರಳಲಿಲ್ಲ.

ರಾತ್ರಿ ತವರುಮನೆಯಲ್ಲಿ ನೀಲಮ್ಮ ಎಲ್ಲ ಕೇಳಿದಳು. ಅಳಲಿಲ್ಲ. “ಏನು ಓದಿದ್ರಿ, ನನಗೂ ಹೇಳ್ರಿ” ಎಂದಳು. ಕೈ ಆಡಿಸುತ್ತ ಹೇಳಿದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು.

“ಇದರಾಗ ನಾ ಎಲ್ಲಿದ್ದೀನ್ರಿ? ಬೇಯೋರು ನೀವೇ, ಮರುಗೋರು ನೀವೇ. ಹಡಿಯಾಕಿ ಯಾರು?”

ಮರುದಿನ ಕಮಲಾಪುರದ ಗಾಡಿಯಲ್ಲಿ ಕೂತು ಅವಳನ್ನು ಪದ್ಯದೊಳಗೆ ಸೇರಿಸಲು ನೋಡಿದೆ. ಎಲ್ಲಿ ಒತ್ತರಿಸಿದರೂ ಜಾಗವಿಲ್ಲ. ಸಾಲುಸಾಲಿನಲ್ಲೂ ನಾನೇ ಕಾಲು ಚಾಚಿ ಕೂತಿದ್ದೆ. ನಾಚಿಕೆಯಾಯಿತು. ದಾರಿಯಲ್ಲಿ ಮಹಾಗಾಂವದ ಹತ್ತಿರ ಗಾಡಿಯನ್ನು ಮತ್ತೆ ಕಲಬುರಗಿಗೆ ತಿರುಗಿಸಲು ಹೇಳಿದೆ. ಸಾಹೇಬರೆದುರು ನಿಂತು, ಪ್ರಾಸವಿಲ್ಲದೆ, ತೊದಲುತ್ತ, ಹೋದ ಸಲದ ಕೂಸಿನ ವಿಷಯವನ್ನೂ ಹೇಳಿದೆ. ಈ ಸಲ ಯಾರೂ ವಾಹ್ ಅನ್ನಲಿಲ್ಲ. ಸಾಹೇಬರು, “ಇದನ್ನ ನಿನ್ನೆ ಹೇಳಾಕ ಏನಾಗಿತ್ತ್ರಿ ನಿಮಗ?” ಎಂದು ಗದರಿ ವರ್ಗಕ್ಕೆ ಒಪ್ಪಿದರು.

ಮಗಳು ಹುಟ್ಟಿದಾಗ ನಾನು ಪಡಸಾಲೆಯಲ್ಲೇ ಇದ್ದೆ. ಒಳಗಿನಿಂದ ಆ ಅಳು ಕೇಳಿದ್ದೇ ನಾನೂ ಗೊಳೋ ಎಂದು ಅತ್ತೆ. ಅಂದಿನಿಂದ ಒಂದು ಸಾಲೂ ಹೊಳೆದಿಲ್ಲ. ಕವಿ ಅವತ್ತೇ ತೀರಿಕೊಂಡನೆಂದು ಕಾಣುತ್ತದೆ. ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ.