ಬೇಗಂಗಾಗಿ ಕೇಳಿದ ಹತ್ತು ದಿನ

ಆನೇಮಹಲ್
೧೭ ನವೆಂಬರ್ ೧೯೫೮

ಊರೂರಿನ ಗೋಡೆಗೆ ಡಿ.ಡಿ.ಟಿ. ಹೊಡೆಸಿ ನಮ್ಮಂಥ ಪಾಮರರನ್ನು ಚಳಿಜ್ವರದಿಂದ ಪಾರುಮಾಡುತ್ತಿರುವ ಇನ್ಸ್‌ಪೆಕ್ಟರ್ ಸಾಹೇಬರ ಸಮ್ಮುಖಕ್ಕೆ,

ಮಾನ್ಯರೇ,

ಸಕಲೇಶಪುರದ ಉರ್ದು ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿ, ಈಗ ತಮ್ಮನಾದ ಯಾಕೂಬನ ಲಾರಿ ಶೆಡ್ಡಿನ ಹಿಂದೆ ಎರಡು ಕೋಣೆಯ ಮನೆಯಲ್ಲಿರುವ ಅಖ್ತರುನ್ನೀಸಾ ಮಾಡುವ ಸಲಾಮುಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಬೂಟುಗಳೂ ಕ್ಷೇಮವಾಗಿರಲಿ. ಈ ತಿಂಗಳ ಏಳನೆಯ ತಾರೀಖು ನಮ್ಮ ಮನೆಯೊಳಗೆ ತಮಗಿಂತ ಮೊದಲು ಬಂದವು ಅವೇ, ಮತ್ತು ಒಳಗೆ ಯಾರಿದ್ದೀರಿ ಎಂದು ಕೇಳುವ ಶ್ರಮವನ್ನು ಅವೂ ತೆಗೆದುಕೊಳ್ಳಲಿಲ್ಲ. ಈ ಪತ್ರವನ್ನು ಕಚೇರಿಗೆ ಕಳಿಸಿದರೆ ತಮ್ಮ ಅಮೂಲ್ಯ ವೇಳೆ ಹಾಳಾದೀತೆಂದು, ತಾವು ದಿನಕ್ಕೆ ಮೂರು ಗಂಟೆ ಕುಳಿತು ಸರ್ಕಾರಿ ಕೆಲಸ ನಡೆಸುವ ಬಸ್ ನಿಲ್ದಾಣದ ಚಹಾ ಅಂಗಡಿಯ ಕಂಬಕ್ಕೇ ಅಂಟಿಸುತ್ತಿದ್ದೇನೆ.

ವಿಷಯ ನಮ್ಮ ಮನೆಯ ಹಿರಿಯಳೊಬ್ಬಳದು. ಮಳೆ ಹಿಡಿದ ಹೊಸದರಲ್ಲಿ ಸಂತೆಯಿಂದ ತಂದ ಕರಿಬೇವಿನ ಕಂತೆಯಲ್ಲಿ ಉಗುರಿನಷ್ಟುದ್ದದ ಒಂದು ಸೂರ್ಯನ ಕುದುರೆ ಸಿಕ್ಕಿತು. ಹಸಿರು ಮೈ, ಮೂರು ಮೂಲೆಯ ತಲೆ, ಮಡಚಿದ ಮುಂಗಾಲು. ತಾವು ಅದನ್ನು 'ಹುಳ' ಎಂದಿರಿ, ಇರಲಿ. ಒಗ್ಗರಣೆಗೆ ಹೋಗಬೇಕಾದವಳು ನನ್ನ ಸೊಳ್ಳೆಪರದೆಗೆ ಹತ್ತಿ ಅಲ್ಲೇ ಸಂಸಾರ ಹೂಡಿದಳು. ಐದು ತಿಂಗಳು ಆ ಪರದೆಯೊಳಗೆ ನುಸುಳಿದ ಸೊಳ್ಳೆ, ನೊಣ, ಪತಂಗಗಳನ್ನು ಸಂಬಳ, ಸಾರಿಗೆ ಭತ್ಯೆ, ಖಾಕಿ ಟೋಪಿ ಯಾವುದೂ ಇಲ್ಲದೆ ತಿಂದು ಮುಗಿಸಿದಳು. ಯಾರಾದರೂ ಒಳಗೆ ಬಂದರೆ ಕತ್ತು ತಿರುಗಿಸಿ ತಲೆಯಿಂದ ಕಾಲಿನವರೆಗೆ ನೋಡುವ ಠೀವಿ ಕಂಡು ನಾನು ಅವಳಿಗೆ ಬೇಗಂ ಎಂದು ಹೆಸರಿಟ್ಟೆ. ಪಕ್ಕದ ಮನೆಯ ಮಾದಮ್ಮ ಮೊದಲ ದಿನವೇ "ನೋಡಿ ಟೀಚರಮ್ಮ, ಪಾಪ, ಹೆಂಗೆ ಕೈ ಮುಕ್ಕಂಡ್ ಕುಂತೈತೆ" ಎಂದು ಮರುಗಿದಳು. ಅದು ಭಕ್ತಿಯಲ್ಲ ಮಾದಮ್ಮ, ಊಟಕ್ಕೆ ಹೊಂಚು ಹಾಕುವ ರೀತಿ ಎಂದೆ. ಕೈ ಮುಗಿದುಕೊಂಡೇ ಎದುರಿಗಿದ್ದವರನ್ನು ತಿಂದುಹಾಕುವ ಈ ವಿದ್ಯೆಗೆ ತಮ್ಮ ಇಲಾಖೆಯಲ್ಲಿ ಎಷ್ಟು ಬೇಗ ಬಡ್ತಿ ಸಿಗುತ್ತಿತ್ತೆಂದು ಯೋಚಿಸಿ ಈಗಲೂ ಬೇಸರವಾಗುತ್ತದೆ.

ಆದರೆ ಈ ಜಾತಿಗೆ ಆಯಸ್ಸು ಕಡಿಮೆ. ದಸರೆ ಕಳೆಯುತ್ತಿದ್ದಂತೆ ಬೇಗಂ ಮುದುಕಿಯಾದಳು. ಹಸಿರು ಹೋಗಿ ಒಣಹುಲ್ಲಿನ ಬಣ್ಣ ಬಂತು, ರೆಕ್ಕೆಯ ಅಂಚು ಹರಿಯಿತು, ಒಂದು ಕಣ್ಣಿನಲ್ಲಿ ಕಪ್ಪು ಮಚ್ಚೆ ಎದ್ದಿತು. ಹಿಂಗಾಲಿನ ತುದಿಗಳು ಉದುರಿ ಬಲೆಯನ್ನು ಹಿಡಿದುಕೊಳ್ಳಲಾಗದೆ ದಿನಕ್ಕೆ ನಾಲ್ಕೈದು ಸಲ ಬೀಳತೊಡಗಿದ ಮೇಲೆ ನಾನು ಪರದೆಯ ಕೆಳಗೆ ಹಳೆಯ ರಜಾಯಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ, ಅವಳು ಏರಿ ಕೂರಲು ಒಂದು ಗೇಣಿಗಿಂತ ಎತ್ತರವಿಲ್ಲದಂತೆ ಗೋಣಿಯ ತುಂಡು ಕಟ್ಟಿದೆ. ಬೇಟೆ ಕೈಗೆ ಬಾರದಾದಾಗ ನೊಣದ ಹೊಟ್ಟೆ ಸೀಳಿ ತಲೆಪಿನ್ನಿನಿಂದ ಅವಳ ಬಾಯಿಗೆ ಹಿಡಿದೆ, ಪೊರಕೆ ಕಡ್ಡಿಯ ತುದಿಯಲ್ಲಿ ನೀರಿನ ಹನಿ ಕುಡಿಸಿದೆ. ಒಮ್ಮೊಮ್ಮೆ ಒಂದು ನೊಣ ತಿನ್ನಲು ಒಂದು ಗಂಟೆ ಹಿಡಿಯುತ್ತಿತ್ತು. ನನಗೆ ಆ ಒಂದು ಗಂಟೆ ಇತ್ತು. ಅವಳಿಗಾಗಿ ಕೂರುವುದು ನನಗೆ ಇಷ್ಟವಾಗಿತ್ತು ಎಂದು ಬರೆಯಲು ಏನೂ ನಾಚಿಕೆಯಿಲ್ಲ.

ಹೀಗಿರುವಾಗ ತಾವು ಪಂಪುದಾರ ಲಕ್ಕಪ್ಪನೊಂದಿಗೆ ದಯಮಾಡಿಸಿದಿರಿ. ನಾನು ಕೇಳಿದ್ದು ಹತ್ತು ದಿನ. ಇವಳು ಅಷ್ಟರೊಳಗೆ ತಾನಾಗಿ ಹೋಗುತ್ತಾಳೆ, ಆಮೇಲೆ ಸೂರು, ಗೋಡೆ, ಮಂಚದಡಿ ಎಲ್ಲ ಕಡೆಯೂ ಹೊಡೆಯಿರಿ, ಪಾತ್ರೆಪಗಡೆ ನಾನೇ ಹೊರಗಿಡುತ್ತೇನೆ ಎಂದೆ. ಹೊರಗೆ ಬಿಡೋಣವೆಂದರೆ ರೆಂಬೆ ಹಿಡಿಯಲು ಕಾಲಿಲ್ಲ, ಇರುವೆಗಳಿಗೆ ಅರ್ಧ ದಿನದ ಊಟ. ಬೇರೆ ಮನೆಗೆ ಒಯ್ಯೋಣವೆಂದರೆ ಅಂದೇ ಇಡೀ ಕೇರಿಗೆ ಔಷಧ ಹೊಡೆದಾಗಿತ್ತು. ಆಗ ತಾವು ಅಪ್ಪಣೆ ಕೊಡಿಸಿದ ಮಾತುಗಳು ನನಗೆ ಬಾಯಿಪಾಠ: "ಹುಳ ಸಾಯ್ಸೋಕೇ ಸರ್ಕಾರ ನಮಗೆ ಸಂಬಳ ಕೊಡೋದು. ನಿಮ್ಮ ಹುಳಕ್ಕೆ ಅಂತ ಬೇರೆ ಕಾನೂನಿಲ್ಲ. ಸೋಮವಾರ ಪಟೇಲರನ್ನ ಕರ್ಕೊಂಡು ಬರ್ತೀನಿ, ಆವಾಗ ನೋಡೋಣ." ಲಕ್ಕಪ್ಪ ಬೆನ್ನ ಮೇಲಿನ ಪಂಪು ಇಳಿಸಿ, "ಹತ್ತು ದಿನ ತಾನೆ ಸಾರ್, ಆಮ್ಯಾಕೆ ನಾನೇ ಬಂದು ಹೊಡ್ಕೊಟ್ ಹೋಯ್ತೀನಿ ಬುಡಿ" ಎಂದ. ಅವನನ್ನು ಕಣ್ಣಿನಲ್ಲೇ ಸುಮ್ಮನಾಗಿಸಿ, ನಾಲ್ಕರ ಬಸ್ಸಿನ ಹಾರನ್ ಕೇಳಿದ್ದೇ ಅದನ್ನು ಹಿಡಿಯಲು ಓಡುವುದರಲ್ಲಿ ತಾವು ತೋರಿಸಿದ ಚುರುಕುತನ ಇತರ ಸರ್ಕಾರಿ ನೌಕರರಿಗೆ ಮಾದರಿಯಾಗಿದೆ.

ತಮ್ಮ ಔಷಧಕ್ಕೆ ನಾನು ವಿರೋಧಿಯೆಂದು ತಾವು ಭಾವಿಸಬಾರದು. ಸಾವಿರದೊಂಬೈನೂರ ನಲವತ್ತೊಂದರಲ್ಲಿ ನನ್ನ ಅಣ್ಣ ಹಬೀಬ್ ಕಾಫಿ ಖರೀದಿಗೆಂದು ಯಸಳೂರಿನ ಕಡೆ ಹೋದವನು ಜ್ವರ ಹೊತ್ತು ಬಂದು, ಇದೇ ಮನೆಯ ಹೊರಕೋಣೆಯಲ್ಲಿ ಒಂಬತ್ತು ದಿನ ಹಲ್ಲು ಕಟಕಟಿಸಿ ಸತ್ತ. ಮೂರು ಕಂಬಳಿ ಹೊದಿಸಿ ಅವನ ಮೇಲೆ ನಾನೇ ಮಲಗಿ ಒತ್ತಿ ಹಿಡಿದರೂ ಆ ನಡುಕ ನಿಲ್ಲಲಿಲ್ಲ. ಡಿ.ಡಿ.ಟಿ. ಆಗಲೇ ಬಂದಿದ್ದರೆ ಅವನು ಇಂದು ನನ್ನ ಎದುರು ಕೂತು ಬೇಗಂಳನ್ನು ಗೇಲಿ ಮಾಡುತ್ತಿದ್ದ. ಅದಕ್ಕೇ ಬೇಸಿಗೆಯ ಸುತ್ತಿನಲ್ಲಿ ನಾನೇ ಲಕ್ಕಪ್ಪನ ಹಿಂದೆ ನಿಂತು ಮೂಲೆಮೂಲೆಗೂ ಹೊಡೆಸಿದ್ದೆ. ಸೊಳ್ಳೆಯ ಮೇಲೆ ನನಗಿರುವ ದ್ವೇಷದ ಕಾಲುಭಾಗ ತಮಗಿದ್ದರೂ ಈ ತಾಲ್ಲೂಕು ಎಂದೋ ಉದ್ಧಾರವಾಗುತ್ತಿತ್ತು.

ಇನ್ನು ತಮಗೆ ಕೃತಜ್ಞತೆ ಹೇಳುವ ಭಾಗ. ತಾವು ಹೋದ ಮರುದಿನದಿಂದ ಬೇಗಂಗೆ ಊಟವಿಲ್ಲದಾಯಿತು, ಏಕೆಂದರೆ ನಮ್ಮ ಮನೆಗೆ ಬರುವ ನೊಣವೂ ಅಕ್ಕಪಕ್ಕದ ಗೋಡೆಯ ಔಷಧ ಮೆಟ್ಟಿಯೇ ಬರುತ್ತಿತ್ತು. ಇಡೀ ಊರಿನಲ್ಲಿ ವಿಷ ಮುಟ್ಟದ ಒಂದು ನೊಣಕ್ಕಾಗಿ ನಾನು ಪರದಾಡುವುದನ್ನು ನೋಡಲಾರದೆ ಮಾದಮ್ಮ ತಾನು ಸಗಣಿ ಬಾಚುವ ಎಸ್ಟೇಟ್ ಬಂಗಲೆಯ ಕೊಟ್ಟಿಗೆಯಿಂದ ಒಂದು ಸೀಸೆ ತುಂಬ ನೊಣ ಹಿಡಿದು ತಂದಳು. ಎಂಥ ನೊಣಗಳು! ಒಂದೊಂದೂ ಕೊಬ್ಬಿ ಹೊಳೆಯುತ್ತಿತ್ತು. ಅಲ್ಲಿಗೂ ಔಷಧ ಹೊಡೆದಿದ್ದಾರಲ್ಲ ಮಾದಮ್ಮ, ಬಾಗಿಲ ಮೇಲೆ ತಾರೀಖಿನ ಮುದ್ರೆ ನಾನೇ ನೋಡಿದ್ದೇನೆ ಎಂದು ಗಾಬರಿಯಾದೆ. "ಎಲ್ಲಿ ಹೊಡುದ್ರು ಟೀಚರಮ್ಮ? ಧಣಿ ಮಗಳ ಮದ್ವೆಗೆ ಹೊಸ ಬಣ್ಣ ಬಳ್ಸವ್ರೆ, ಗೋಡೆ ಕೆಟ್ಟೋಯ್ತದೆ ಅಂತ ಕಾಫಿ ಕುಡುದು ಮುದ್ರೆ ಒತ್ಬುಟ್ಟು ಹೋದ್ರು" ಎಂದಳು. ನಾನು ಹತ್ತು ದಿನ ಕೇಳಿ ಅಪರಾಧಿಯಾದೆ. ಅವರಿಗೆ ಕೇಳದೆಯೇ ಮುಂದಿನ ಸುತ್ತಿನವರೆಗೆ ಆರು ತಿಂಗಳು ಸಿಕ್ಕಿತು. ಆದರೂ ತಮ್ಮ ಆ ಒಂದು ಲೋಟ ಕಾಫಿಯ ಪುಣ್ಯದಿಂದ ಬೇಗಂ ಇಂದಿನವರೆಗೂ ಉಂಡಿದ್ದಾಳೆ, ಆದ್ದರಿಂದ ಅವಳ ಪರವಾಗಿ ತಮಗೂ ಆ ಗೋಡೆಯ ಬಣ್ಣಕ್ಕೂ ವಂದನೆಗಳು.

ಸೋಮವಾರ ನಾನು ಬೆಳಗಿನ ಚಹಾ ಕೂಡ ಕುಡಿಯದೆ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ, ಮೂರು ದಶಕ ಶಾಲೆಯ ಮಕ್ಕಳನ್ನು ನಡುಗಿಸಿದ ಬೆತ್ತವನ್ನು ಮಡಿಲಲ್ಲಿಟ್ಟುಕೊಂಡು ಕಾದೆ. ತಾವು ಬರಲಿಲ್ಲ, ಪಟೇಲರೂ ಬರಲಿಲ್ಲ. ಮಂಗಳವಾರವೂ ಕಾದೆ. ವಾರ ಕಳೆದಾಗ, ಹೊರಗೆ ಎಷ್ಟೇ ಗದರಿದರೂ ಸಾಹೇಬರ ಎದೆಯಲ್ಲಿ ಎಲ್ಲೋ ಸ್ವಲ್ಪ ಕರುಣೆ ಇರಬೇಕು ಎಂದು ನಂಬಿಬಿಟ್ಟೆ. ಇಷ್ಟು ವಯಸ್ಸಾದ ಟೀಚರಿಗೆ ಇಂಥ ನಂಬಿಕೆ ಶೋಭಿಸದು, ಆದರೂ ನಂಬಿದ್ದೇನೆ.

ಆ ನಂಬಿಕೆಯ ಧೈರ್ಯದಿಂದಲೇ ಕೆಲವು ವಿನಂತಿಗಳು. ಬೇಗಂ ತಮ್ಮ ಇಲಾಖೆಗೆ ಸಲ್ಲಿಸಿದ ಐದು ತಿಂಗಳ ಸೇವೆಯನ್ನು ಪರಿಗಣಿಸಿ ಅವಳಿಗೆ ನಿವೃತ್ತಿ ವೇತನ ಮಂಜೂರು ಮಾಡುವುದು, ನೊಣದ ರೂಪದಲ್ಲಿ ಕೊಟ್ಟರೂ ಅಭ್ಯಂತರವಿಲ್ಲ. ಅವಳ ಕೊನೆಯ ದಿನಗಳಲ್ಲಿ ಕೇರಿಯ ಇರುವೆಗಳು ನಮ್ಮ ಹೊಸಿಲು ದಾಟದಂತೆ ಪಟೇಲರಿಂದ ಡಂಗುರ ಹೊಡೆಸುವುದು. ಮತ್ತು ತೆರವಾಗುವ ಅವಳ ಜಾಗಕ್ಕೆ ತಮ್ಮನ್ನೇ ನೇಮಿಸಿಕೊಂಡು, ಒಂದೇ ಒಂದು ರಾತ್ರಿ ನನ್ನ ಸೊಳ್ಳೆಪರದೆಯಲ್ಲಿ ತಲೆಕೆಳಗಾಗಿ ನೇತಾಡಿ, ಒಂದಾದರೂ ಸೊಳ್ಳೆಯನ್ನು ಸ್ವಂತ ಕೈಯಿಂದ ಹಿಡಿದು ತೋರಿಸುವುದು.

ವಿಶ್ವಾಸಕ್ಕೆ ಯೋಗ್ಯರು ಸಿಗುವವರೆಗೆ, ತಾತ್ಕಾಲಿಕವಾಗಿ,
ತಮ್ಮ ವಿಶ್ವಾಸಿ,
ಅಖ್ತರುನ್ನೀಸಾ

ಮರುದಿನ ಸೇರಿಸಿದ್ದು: ಪತ್ರ ಅಂಟಿಸಲು ಹೊರಡುವ ಮೊದಲೇ, ಇಂದು ಹದಿನೆಂಟನೆಯ ತಾರೀಖು ಮಧ್ಯಾಹ್ನ, ಬೇಗಂ ನನ್ನ ಅಂಗೈ ಮೇಲೆ ತೀರಿಕೊಂಡಳು. ಬೆಳಿಗ್ಗೆ ಒಂದು ಹನಿ ನೀರು ಕುಡಿದಿದ್ದಳು. ಕರಿಬೇವಿನ ಗಿಡದ ಬುಡದಲ್ಲಿ ಹುಗಿದೆ, ಕಣ್ಣೀರನ್ನೂ ಹಾಕಿದೆ. ಕೇಳಿದ್ದಕ್ಕಿಂತ ಒಂದು ದಿನ ಹೆಚ್ಚು ತೆಗೆದುಕೊಂಡದ್ದಕ್ಕೆ ಅವಳ ಪರವಾಗಿ ಕ್ಷಮೆ ಇರಲಿ. ಕೊಟ್ಟ ಮಾತಿನಂತೆ ಪಾತ್ರೆಗಳನ್ನೆಲ್ಲ ಹೊರಗಿಟ್ಟು, ಬಸ್ ನಿಲ್ದಾಣದಲ್ಲಿ ಲಕ್ಕಪ್ಪನನ್ನು ಹಿಡಿದು, ಪಂಪು ತಗೊಂಡು ಬಾರಪ್ಪ, ಹಬೀಬ್ ಸತ್ತ ಕೋಣೆಯಿಂದ ಶುರುಮಾಡು ಎಂದೆ. ಅವನು ತಲೆ ಕೆರೆದುಕೊಂಡು, "ನಿಮ್ಮನೆ ಏಳ್ನೇ ತಾರೀಕೇ ಹೊಡ್ದಾಗೈತೆ ಅಂತ ಸಾಹೇಬ್ರು ಪುಸ್ತಕದಾಗೆ ಬರ್ದ್ಬುಟ್ಟವ್ರೆ ಕಣ್ರಮ್ಮ. ಈಗ ಔಷ್ದಿ ಕೊಡಲ್ಲ" ಎಂದ. ಸೋಮವಾರ ತಮ್ಮನ್ನು ತಡೆದ ಕರುಣೆ ಯಾವುದೆಂದು ಆಗ ತಿಳಿಯಿತು. ತಮ್ಮ ಪುಸ್ತಕದ ಪ್ರಕಾರ ಏಳನೆಯ ತಾರೀಖೇ ಸತ್ತಿರಬೇಕಾದ ಬೇಗಂ, ಓದುಬರಹ ಬಾರದವಳಾದ್ದರಿಂದ, ಇನ್ನೂ ಹನ್ನೊಂದು ದಿನ ಬದುಕಿದಳು. ಸೊಳ್ಳೆಗಳಿಗೂ ಓದು ಬಾರದು, ಸಾಹೇಬರೇ. ದಯವಿಟ್ಟು ಬಂದು ಹೊಡೆಸಿ.