ಎರಡಡಿ ಸಮುದ್ರಕ್ಕೆ ಒಂದು ಮೋಟಾರು

ಹಗರಿಬೊಮ್ಮನಹಳ್ಳಿಯಲ್ಲಿ ಬೋರ್‌ವೆಲ್ ಮೋಟಾರು ಮಾರುವ ಅಂಗಡಿ ನನ್ನದು. ಮೋಟಾರು ಅಂದರೆ ಸುತ್ತಲಿನ ಹಳ್ಳಿಯವರೆಲ್ಲ ನನ್ನ ಮುಖ ನೋಡುತ್ತಾರೆ. ಅಂಥವನಿಗೆ ಸ್ವಂತ ಮನೆಯ ಎರಡಡಿ ಗಾಜಿನ ತೊಟ್ಟಿಗೆ ಪಂಪು ಆರಿಸುವುದೊಂದು ಕೆಲಸವೇ?

ತೊಟ್ಟಿ ನನ್ನ ಹೆಂಡತಿ ಶೋಭಾಳದ್ದು. ಅದೂ ಉಪ್ಪುನೀರಿನದು. ಸಮುದ್ರದ ಉಪ್ಪನ್ನು ಅಳೆದು ಕರಗಿಸಿ, ವಾರಗಟ್ಟಲೆ ಕಾದು, ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಜೋಡಿ ಮೀನು ಬಿಟ್ಟಿದ್ದಳು. ನನಗಿಂತ ಅವುಗಳನ್ನೇ ಹೆಚ್ಚು ಮಾತಾಡಿಸುತ್ತಿದ್ದಳು ಎಂಬುದು ಬೇರೆ ಮಾತು. ಸಮುದ್ರದ ಮೀನಿಗೆ ನೀರು ಸದಾ ಹರಿದಾಡುತ್ತಿರಬೇಕಂತೆ. ಅದಕ್ಕೆ ಅಲೆ ಎಬ್ಬಿಸುವ ಪಂಪು ಬೇಕಿತ್ತು.

"ಸಣ್ಣದು ಸಾಕ್ರೀ. ಪಾಪ, ಮೀನಿಗೆ ಈಜಾಕ ಬರಬೇಕಲ್ಲ" ಎಂದಳು.

"ಮೋಟಾರು ವಿಷಯದಾಗ ನನಗ ಪಾಠ ಹೇಳಬ್ಯಾಡ" ಎಂದು ದಾವಣಗೆರೆ ಬಸ್ಸು ಹತ್ತಿದೆ.

ಮೀನಿನಂಗಡಿಯವನು ಮುಷ್ಟಿಗಾತ್ರದ ಪಂಪು ತೋರಿಸಿದ. ನಮ್ಮ ರೈತರು ನನ್ನನ್ನು ಕೇಳುವ ಪ್ರಶ್ನೆಯನ್ನೇ ಅವನಿಗೆ ಕೇಳಿದೆ: "ನೀರು ಎಷ್ಟು ಎತ್ತರ ಚಿಮ್ಮತೈತಿ?"

"ಚಿಮ್ಮೋಕಲ್ಲ ಸರ್, ತೊಟ್ಟಿ ಒಳಗೇ ನೀರು ಓಡಾಡೋಕೆ."

ಪಾಪ, ಅನುಭವ ಸಾಲದು! ಹೋಟೆಲಿನ ಆಳೆತ್ತರದ ತೊಟ್ಟಿಗೆಂದು ಇಟ್ಟಿದ್ದ ಭಾರಿ ಪಂಪನ್ನೇ ಚೀಲಕ್ಕೆ ಹಾಕಿಸಿಕೊಂಡು ಬಂದೆ.

ಪೂಜೆಯಿಲ್ಲದೆ ಹೊಸ ಮೋಟಾರಿನ ಸ್ವಿಚ್ಚು ಒತ್ತುವ ಪದ್ಧತಿ ನಮ್ಮಲ್ಲಿಲ್ಲ. ತೊಟ್ಟಿಗೂ ಅರಿಶಿನ ಕುಂಕುಮ, ಊದುಬತ್ತಿ! ಅಕ್ಕಪಕ್ಕದವರನ್ನು ಕರೆದೆ. ಬೋರಿಗೆ ಮೋಟಾರು ಕೊಳ್ಳಲು ಬಂದಿದ್ದ ಹನುಮಂತಪ್ಪನನ್ನು ಸೋಫಾದಲ್ಲಿ ಕೂರಿಸಿದೆ. ಕಾಯಿ ಒಡೆದೆ. ಸ್ವಿಚ್ಚು ಒತ್ತಿದೆ.

ಚಿಮ್ಮಿತು! ನಿಜವಾಗಿಯೂ ಚಿಮ್ಮಿತು!

"ಗಂಗಮ್ಮ ಬಂದ್ಲು!" ಎಂದು ಚಪ್ಪಾಳೆ ತಟ್ಟಿದ ಹನುಮಂತಪ್ಪ ಮರುಕ್ಷಣವೇ ಬಾಯಿ ಒರೆಸಿಕೊಂಡ. "ಥೂ, ಸವಳು ನೀರ್ರೀ ಸಾವ್ಕಾರ್ರ! ಈ ಬೋರು ಕೆಲಸಕ್ಕ ಬರಂಗಿಲ್ಲ!"

ಒಳಗೆ ಮೀನುಗಳು ಗಿರಗಿರ ತಿರುಗುತ್ತಿದ್ದವು. ಪಂಪಿನ ಮುಖವನ್ನು ಕೆಳಗೆ ತಿರುಗಿಸಿದೆ. ತಳದ ಬಿಳಿ ಮರಳೆಲ್ಲ ಎದ್ದು ತೊಟ್ಟಿ ಮಜ್ಜಿಗೆಯಾಯಿತು. ಗಾಬರಿಯಲ್ಲಿ ಮೇಲಕ್ಕೆ ತಿರುಗಿಸಿದೆ. ನೀರು ಫ್ಯಾನಿಗೆ ಬಡಿದು ನೆರೆದ ಸಮಸ್ತ ಸಭಿಕರಿಗೂ ಭೇದಭಾವವಿಲ್ಲದೆ ವಿತರಣೆಯಾಯಿತು! ಶೋಭಾ ಓಡಿಬಂದು ಪ್ಲಗ್ಗು ಕಿತ್ತಳು.

ನೀರು ತಿಳಿಯಾದಾಗ ಕಂಡದ್ದು ಒಂದೇ ಮೀನು.

"ಇನ್ನೊಂದು ಎಲ್ಲೈತ್ರೀ?" ಎಂದಳು ಶೋಭಾ.

ಸೋಫಾದ ಕೆಳಗೆ ಹುಡುಕಿದೆ. ತೆಂಗಿನ ಹೋಳಿನಲ್ಲಿ ಹುಡುಕಿದೆ. ಹನುಮಂತಪ್ಪನ ಜೇಬಿಗೂ ಕೈಹಾಕಿದೆ! ಕೊನೆಗೆ ತೊಟ್ಟಿಯ ಕಲ್ಲಿನ ಸಂದಿನಿಂದ ಕಿತ್ತಳೆ ಮೂತಿಯೊಂದು ಇಣುಕಿತು. ನನ್ನನ್ನು ಕಂಡದ್ದೇ ತಡ, ಮತ್ತೆ ಒಳಗೆ ಹೋಯಿತು. ಹೋದರೆ ಹೋಗಲಿ, ಬದುಕಿದೆಯಲ್ಲ! ನನಗೆ ಕುಣಿಯುವಷ್ಟು ಸಂತೋಷವಾಯಿತು.

ಶೋಭಾ ಕಪಾಟಿನಿಂದ ಮುಷ್ಟಿಗಾತ್ರದ ಪಂಪೊಂದನ್ನು ತೆಗೆದಳು.

"ಇದೆಲ್ಲಿಂದ ಬಂತು?"

"ನೀವು ಬಸ್ಸು ಹತ್ತಿದ ಕೂಡ್ಲೇ ಮೀನಿನಂಗಡಿಗೆ ಫೋನ್ ಮಾಡಿದ್ದೆ. ನಿಮ್ಮ ಚೀಲದಾಗ ಹಾಕಿ ಕಳಿಸ್ಯಾರ. ನಿಮ್ಮನ್ನ ಕಟ್ಕೊಂಡು ಇಷ್ಟು ವರ್ಷ ಆತು, ಗೊತ್ತಾಗಂಗಿಲ್ಲೇನು?"

ಅದನ್ನು ಗಾಜಿನ ಮೂಲೆಗೆ ಅಂಟಿಸಿ ಚಾಲೂ ಮಾಡಿದಳು. ನೀರು ಮೆಲ್ಲಗೆ ಓಲಾಡಿತು. ಅಡಗಿದ್ದ ಮೀನು ಹೊರಬಂದು ಜೊತೆಗಾರನ ಪಕ್ಕ ಈಜತೊಡಗಿತು.

ಹನುಮಂತಪ್ಪ ಟವೆಲ್ಲು ಹಿಂಡುತ್ತ ಎದ್ದ. ಗಿರಾಕಿ ಇನ್ನೂ ಕೈತಪ್ಪಿಲ್ಲ ಎಂದು ಹುರುಪಿನಿಂದ, "ಅಂಗಡಿಗೆ ಹೋಗೋಣೇನು?" ಎಂದೆ.

"ಹೋಗಾಮ್ರೀ" ಎಂದವನು ಶೋಭಾಳ ಕಡೆ ತಿರುಗಿದ. "ಅಕ್ಕಾರ, ನೀವೂ ಬರ್ರಿ. ನಮ್ಮ ಬೋರಿಗೆ ಯಾವ ಮೋಟಾರು ಅಂತ ನೀವ ಹೇಳ್ರಿ. ಸಾವ್ಕಾರ್ರು ಬಿಲ್ಲು ಬರೀಲಿ."